ಸ್ವಂತ ಗಾಲಿಕುರ್ಚಿ, ಸ್ಕೂಟರ್‌ಗಳನ್ನು ಬಾಗಿಲಲ್ಲೇ ಬಿಡಿಸುವ ನಿಯಮ: ಆಯೋಜಕರು ಎಷ್ಟು ಕೇಳಬಹುದು, ಎಲ್ಲಿ ನಿಲ್ಲಬೇಕು?

ಸಂಘಟಕ:

ಸಾರ್ವಜನಿಕ ಉತ್ಸವವೊಂದರ ಪ್ರವೇಶ ನಿಯಮಗಳ ಕರಡು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಹಗಲಿನ ಗೋಷ್ಠಿಗಳು ಹಳೆಯ ಸಭಾಂಗಣದಲ್ಲಿಯೂ ಸಂಜೆಯ ಸಂಗೀತ ಕಾರ್ಯಕ್ರಮಗಳು ಹುಲ್ಲಿನ ಬಯಲಿನಲ್ಲಿಯೂ ನಡೆಯುತ್ತವೆ. ಕರಡಿನ ಒಂದು ಸಾಲಿನ ಬಗ್ಗೆ ನಮ್ಮ ತಂಡದೊಳಗೇ ಒಮ್ಮತವಿಲ್ಲ. ಆ ಸಾಲು ಹೀಗಿದೆ: "ಬ್ಯಾಟರಿ ಚಾಲಿತ ಕುರ್ಚಿ ಹಾಗೂ ಸ್ಕೂಟರ್‌ಗಳಿಗೆ ಒಳಗೆ ಪ್ರವೇಶವಿಲ್ಲ; ಅಗತ್ಯವಿರುವವರಿಗೆ ಬಾಗಿಲಲ್ಲಿ ತಳ್ಳುವ ಗಾಲಿಕುರ್ಚಿಯನ್ನು ಉಚಿತವಾಗಿ ಒದಗಿಸಲಾಗುವುದು."

ಇಲ್ಲಿ ಸ್ಕೂಟರ್ ಎಂದರೆ ನಡೆಯಲು ಕಷ್ಟವಿರುವವರು ಕುಳಿತು ನಡೆಸುವ, ಮೊಬಿಲಿಟಿ ಸ್ಕೂಟರ್ ಎಂಬ ಬ್ಯಾಟರಿ ಸಾಧನ. ಇದನ್ನು ಬರೆದವರ ಉದ್ದೇಶ ಕೆಟ್ಟದ್ದಲ್ಲ. ಜನದಟ್ಟಣೆಯಲ್ಲಿ ಅಷ್ಟು ಭಾರದ ಯಂತ್ರ ಯಾರದಾದರೂ ಕಾಲ ಮೇಲೆ ಹರಿದರೆ ಏನು ಗತಿ, ಇಕ್ಕಟ್ಟಾದ ಸಾಲುಗಳ ನಡುವೆ ಬೆಂಕಿ ಕಾಣಿಸಿಕೊಂಡರೆ ದಾರಿ ಕಟ್ಟಿಕೊಳ್ಳುವುದಿಲ್ಲವೇ ಎಂಬುದು ಅವರ ಅಳುಕು. ಇಂತಹ ಸಾಧನಗಳನ್ನು ದಿನವೂ ಬಳಸುವವರು, ಕಾನೂನು ಬಲ್ಲವರು, ವೇದಿಕೆ ಕಟ್ಟುವ ಕೆಲಸದಲ್ಲಿರುವವರು ಈ ಬಗ್ಗೆ ಏನು ಹೇಳುತ್ತಾರೆಂದು ತಿಳಿಯಬೇಕಾಗಿದೆ.

ಗಾಲಿಪಯಣ:

ಗಾಲಿಕುರ್ಚಿ ಬಳಸದವರಿಗೆ ನಿಮ್ಮ ಕರಡು ಉದಾರವಾಗಿಯೇ ಕಾಣುತ್ತದೆ, ಏಕೆಂದರೆ ಒಂದು ಕುರ್ಚಿಯನ್ನು ಬಿಡಿಸಿ ಇನ್ನೊಂದನ್ನು ಪುಕ್ಕಟೆಯಾಗಿ ಕೊಡುತ್ತಿದ್ದೀರಿ. ಅದರಲ್ಲಿ ಕೂರುವವರ ಪಾಲಿಗೆ ಇವೆರಡೂ ಒಂದೇ ಅಲ್ಲ. ನನ್ನ ಕುರ್ಚಿಯ ಆಸನದ ಅಗಲ, ಬೆನ್ನಾಸರೆಯ ಓರೆ, ಪಾದ ಇಡುವ ಹಲಗೆಯ ಎತ್ತರ, ಕೆಳಗಿನ ದಿಂಬು ಎಲ್ಲವನ್ನೂ ನನ್ನ ಮೈಯ ಅಳತೆಗೆ ಹೊಂದಿಸಲಾಗಿದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲದವರು ಗಟ್ಟಿ ಆಸನದ ಮೇಲೆ ಅಲುಗಾಡದೆ ಕೆಲವು ಗಂಟೆ ಕುಳಿತರೆ ಒತ್ತಡದ ಹುಣ್ಣು ಶುರುವಾಗಬಹುದು. ನೋವು ಗೊತ್ತಾಗದ ಕಾರಣ ಮನೆಗೆ ಹೋಗಿ ಯಾರಾದರೂ ನೋಡುವವರೆಗೆ ಅದು ತಿಳಿಯುವುದೂ ಇಲ್ಲ, ಮಾಯಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಎರಡನೆಯ ಮಾತು, ಬಾಗಿಲಲ್ಲಿ ಸಿಗುವ ಕುರ್ಚಿಗಳಲ್ಲಿ ಹೆಚ್ಚಿನವು ಸಣ್ಣ ಗಾಲಿಯವು. ಹಿಂದಿನಿಂದ ಇನ್ನೊಬ್ಬರು ತಳ್ಳದಿದ್ದರೆ ಅವು ಕದಲುವುದಿಲ್ಲ. ದೊಡ್ಡ ಗಾಲಿಯದ್ದೇ ಸಿಕ್ಕರೂ ಬ್ಯಾಟರಿ ಕುರ್ಚಿ ಬಳಸುವ ಬಹಳ ಮಂದಿಗೆ ಅದನ್ನು ಉರುಳಿಸುವಷ್ಟು ತೋಳಿನ ಬಲ ಇರುವುದಿಲ್ಲ. ಹಾಗಾಗಿ ನಿಮ್ಮ ನಿಯಮದ ಪ್ರಕಾರ ಒಳಗೆ ಬಂದ ಮೇಲೆ ಯಾವ ಗೋಷ್ಠಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಶೌಚಾಲಯಕ್ಕೆ ಹೋಗಬೇಕು ಎಂಬುದನ್ನೆಲ್ಲ ನನ್ನನ್ನು ತಳ್ಳುವವರ ಅನುಕೂಲ ನೋಡಿ ತೀರ್ಮಾನಿಸಬೇಕಾಗುತ್ತದೆ. ಇನ್ನು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ನನ್ನನ್ನು ಎತ್ತಿ ಕೂರಿಸುವವರು ಯಾರು? ತರಬೇತಿಯಿಲ್ಲದ ಸ್ವಯಂಸೇವಕರು ತೋಳಿನಡಿ ಕೈ ಹಾಕಿ ಎತ್ತಿದಾಗ ಭುಜದ ಕೀಲು ತಪ್ಪಿದರೆ ಅದರ ಹೊಣೆ ಹೊರುವವರು ಯಾರು? ಕುರ್ಚಿ ಒಳಗೆ ಬರುವುದರಿಂದ ಆಗುವ ಅಪಾಯವನ್ನು ನಿಮ್ಮ ತಂಡ ಲೆಕ್ಕ ಹಾಕಿದೆ. ಕುರ್ಚಿಯಿಂದ ಇಳಿಸುವುದರಲ್ಲಿರುವ ಅಪಾಯ ಆ ಲೆಕ್ಕದಲ್ಲಿ ಕಾಣುತ್ತಿಲ್ಲ.

ಕಾಯಿದೆಕಟ್ಟು:

ಕಾನೂನಿನ ಬುಡದಿಂದ ಆರಂಭಿಸುತ್ತೇನೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರವಾಗಿ 2008ರ ಮೇ 3ರಿಂದ ಜಾರಿಯಲ್ಲಿದೆ. ಅದರ 9ನೇ ವಿಧಿ ಸಾರ್ವಜನಿಕರಿಗೆ ತೆರೆದಿರುವ ಸ್ಥಳಗಳ ಸುಗಮ ಪ್ರವೇಶದ ಬಗ್ಗೆ, 20ನೇ ವಿಧಿ ವ್ಯಕ್ತಿಯು ತಾನು ಬಯಸಿದ ರೀತಿಯಲ್ಲಿ, ಬಯಸಿದ ಹೊತ್ತಿನಲ್ಲಿ ಓಡಾಡುವ ಸ್ವಾತಂತ್ರ್ಯದ ಬಗ್ಗೆ, 30ನೇ ವಿಧಿ ರಂಗಮಂದಿರ, ವಸ್ತುಸಂಗ್ರಹಾಲಯ, ಕ್ರೀಡಾಂಗಣದಂತಹ ಸಾಂಸ್ಕೃತಿಕ ಹಾಗೂ ಮನರಂಜನೆಯ ತಾಣಗಳಲ್ಲಿ ಸಮಾನವಾಗಿ ಪಾಲ್ಗೊಳ್ಳುವ ಹಕ್ಕಿನ ಬಗ್ಗೆ ಹೇಳುತ್ತವೆ. ನಿಮ್ಮ ಒಂದು ಸಾಲಿನ ನಿಯಮ ಈ ಮೂರನ್ನೂ ಒಟ್ಟಿಗೆ ತಟ್ಟುತ್ತದೆ.

ಸಾಧನಗಳ ವಿಚಾರದಲ್ಲಿ ಅತ್ಯಂತ ಬಿಡಿಬಿಡಿಯಾಗಿ ಬರೆದಿರುವುದು ಅಮೆರಿಕದ ನಿಯಮಾವಳಿ. ಅಲ್ಲಿನ 1990ರ ವಿಕಲಚೇತನರ ಕಾಯಿದೆಯ ಅಡಿಯಲ್ಲಿ ಪರಿಷ್ಕರಿಸಿದ ನಿಯಮಗಳು 2011ರ ಮಾರ್ಚ್ 15ರಂದು ಜಾರಿಗೆ ಬಂದವು. ಅವು ಸಾಧನಗಳನ್ನು ಎರಡು ವರ್ಗ ಮಾಡುತ್ತವೆ. ಗಾಲಿಕುರ್ಚಿ, ಊರುಗೋಲು, ವಾಕರ್, ಬೆತ್ತ ಇವು ಮೊದಲ ವರ್ಗ. ಜನ ನಡೆದಾಡಲು ಅವಕಾಶವಿರುವ ಯಾವುದೇ ಜಾಗಕ್ಕೆ ಇವುಗಳನ್ನು ಬಿಡಲೇಬೇಕು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಚಲನೆಯ ತೊಂದರೆ ಇರುವವರಿಗಾಗಿಯೇ ಮುಖ್ಯವಾಗಿ ರೂಪಿಸಿದ ಬ್ಯಾಟರಿ ಕುರ್ಚಿಯೂ ಆ ನಿಯಮದ ಕಣ್ಣಿನಲ್ಲಿ ಗಾಲಿಕುರ್ಚಿಯೇ. ವಿಕಲಚೇತನರಿಗೆಂದೇ ತಯಾರಿಸಿದ್ದಲ್ಲದಿದ್ದರೂ ಅವರು ಬಳಸುವ ಸೆಗ್ವೇಯಂತಹ (ನಿಂತು ನಡೆಸುವ ಎರಡು ಗಾಲಿಯ ಬ್ಯಾಟರಿ ಸಾಧನ) ಯಂತ್ರಗಳು ಎರಡನೆಯ ವರ್ಗ. ಇವುಗಳಿಗೂ ಪ್ರವೇಶವೇ ಸಾಮಾನ್ಯ ನಿಯಮ, ನಿರಾಕರಣೆ ಅಪವಾದ. ಯಂತ್ರದ ಗಾತ್ರ, ತೂಕ, ವೇಗ, ಸ್ಥಳದ ವಿನ್ಯಾಸ, ಜನಸಂದಣಿ ಇವನ್ನು ಪರಿಶೀಲಿಸಿ, ನಿಜವಾದ ಸುರಕ್ಷತಾ ಕಾರಣವಿದೆಯೆಂದು ತೋರಿಸಿಕೊಡುವ ಹೊರೆ ಸ್ಥಳ ನಡೆಸುವವರ ಮೇಲಿರುತ್ತದೆ. "ಏನಾದರೂ ಆದೀತು" ಎಂಬ ಊಹೆ ಸಾಲದು.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, ಸಾಂಸ್ಕೃತಿಕ ಹಾಗೂ ಮನರಂಜನಾ ಚಟುವಟಿಕೆಗೆ ಬಳಸುವ ಖಾಸಗಿ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಪರಿಗಣಿಸುತ್ತದೆ; ಸೂಕ್ತ ಹೊಂದಾಣಿಕೆಯನ್ನು, ಅಂದರೆ ವಿಪರೀತ ಹೊರೆಯಾಗದಂತೆ ವಿಕಲಚೇತನರಿಗಾಗಿ ಮಾಡಬೇಕಾದ ಬದಲಾವಣೆಯನ್ನು, ನಿರಾಕರಿಸುವುದನ್ನು ತಾರತಮ್ಯದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಸುಗಮ ಪ್ರವೇಶದ ಮಾನದಂಡಗಳು ಬರಿಯ ಶಿಫಾರಸುಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯಂತೂ ವಿಕಲಚೇತನರು ಬಂದು ಕೇಳುವವರೆಗೆ ಕಾಯದೆ, ಬರುತ್ತಾರೆಂದು ಮುಂಚಿತವಾಗಿಯೇ ಎಣಿಸಿ ಸಿದ್ಧರಾಗಿರಬೇಕೆಂದು ಸೇವೆ ನೀಡುವವರಿಗೆ ವಿಧಿಸುತ್ತದೆ. ಆ ಸಿದ್ಧತೆಯ ಖರ್ಚನ್ನು ವಿಕಲಚೇತನರಿಂದ ವಸೂಲು ಮಾಡುವಂತೆಯೂ ಇಲ್ಲ.

ಹಿಂದಿನಸಾಲು:

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಜನ ಕಿಕ್ಕಿರಿದ ಪ್ರದರ್ಶನವೊಂದರಲ್ಲಿ ಸ್ಕೂಟರ್ ಹಿಂದಕ್ಕೆ ಬಂದು ನನ್ನ ಹಿಮ್ಮಡಿಗೆ ಬಡಿದು, ವಾರಗಟ್ಟಲೆ ಕುಂಟಿದ್ದೇನೆ. ಸ್ಕೂಟರ್ ನಡೆಸುತ್ತಿದ್ದವರಿಗೆ ಹಿಂದೆ ಜನ ಇದ್ದದ್ದೇ ಕಾಣಿಸಿರಲಿಲ್ಲ. ನಡೆದುಕೊಂಡು ಬರುವವರಿಗೂ, ಅದರಲ್ಲೂ ಮಕ್ಕಳಿಗೂ ವಯಸ್ಸಾದವರಿಗೂ, ಸುರಕ್ಷಿತವಾಗಿರುವ ಹಕ್ಕು ಇದೆ. ಸಂಘಟಕರ ಅಳುಕನ್ನು ಬರಿಯ ಪೂರ್ವಗ್ರಹವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಗಾಲಿಪಯಣ:

ನಿಮಗಾದ ಪೆಟ್ಟು ನಿಜ, ಅದನ್ನು ಯಾರೂ ತಳ್ಳಿಹಾಕುತ್ತಿಲ್ಲ. ಆದರೆ ಅದಕ್ಕೆ ಪರಿಹಾರ ವೇಗಕ್ಕೆ ಮಿತಿ ಹಾಕುವುದು, ದಾರಿಯನ್ನು ಅಗಲ ಮಾಡುವುದು, ಹಿಂದಕ್ಕೆ ತೆಗೆದುಕೊಳ್ಳುವ ಅಗತ್ಯವೇ ಬೀಳದಂತೆ ತಿರುಗಲು ಜಾಗ ಬಿಡುವುದು. ಬ್ರಿಟನ್ನಿನಲ್ಲಿ ಮೊಬಿಲಿಟಿ ಸ್ಕೂಟರ್‌ಗಳಿಗೆ ಪಾದಚಾರಿ ಮಾರ್ಗದಲ್ಲಿ ಗಂಟೆಗೆ 4 ಮೈಲಿಯ ಮಿತಿಯಿದೆ. ರಸ್ತೆಯಲ್ಲಿ 8 ಮೈಲಿ ವೇಗದಲ್ಲಿ ಓಡಬಲ್ಲ ಸ್ಕೂಟರ್ ಕೂಡ ಪಾದಚಾರಿಗಳ ನಡುವೆ ಬಂದಾಗ 4 ಮೈಲಿಗೆ ಇಳಿಯಬೇಕು. ಉತ್ಸವದ ಆವರಣದಲ್ಲಿ "ನಡಿಗೆಯ ವೇಗ ಮೀರಬಾರದು" ಎಂದು ಬರೆಯಿರಿ, ಮೀರಿದವರನ್ನು ಎಚ್ಚರಿಸಿ, ಮತ್ತೆಯೂ ಕೇಳದಿದ್ದರೆ ಆ ವ್ಯಕ್ತಿಯನ್ನು ಹೊರಗೆ ಕಳುಹಿಸಿ, ನನ್ನ ತಕರಾರಿಲ್ಲ. ಒಬ್ಬರ ಅಜಾಗ್ರತೆಗಾಗಿ ಆ ಬಗೆಯ ಸಾಧನ ಬಳಸುವ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸುವುದಕ್ಕಷ್ಟೇ ನನ್ನ ವಿರೋಧ.

ಸಂಘಟಕ:

ವೇಗದ ಮಿತಿಯ ಸಲಹೆಯನ್ನು ಒಪ್ಪುತ್ತೇನೆ. ಆದರೆ ಬಾಗಿಲಲ್ಲಿ ನಿಂತ ಸ್ವಯಂಸೇವಕನ ಕಷ್ಟವನ್ನೂ ಕೇಳಿ. ನಿಂತು ಓಡಿಸುವ ವಿದ್ಯುತ್ ಸ್ಕೂಟರ್ ತಂದ ಯುವಕನೊಬ್ಬ "ನನಗೆ ನಡೆಯಲಾಗುವುದಿಲ್ಲ" ಎಂದರೆ ಏನು ಮಾಡಬೇಕು? ವೈದ್ಯರ ಪ್ರಮಾಣಪತ್ರ ಕೇಳಿದರೆ ತಪ್ಪೇನು?

ಕಾಯಿದೆಕಟ್ಟು:

ನಾನು ಮೇಲೆ ಹೇಳಿದ ಅಮೆರಿಕದ ನಿಯಮ ಈ ಪ್ರಶ್ನೆಗೆ ಕೊಡುವ ಉತ್ತರ ನನಗೆ ಸಮಂಜಸವೆನಿಸುತ್ತದೆ. ಗಾಲಿಕುರ್ಚಿಯಲ್ಲಿ ಬಂದವರನ್ನು ಏನನ್ನೂ ಕೇಳುವಂತಿಲ್ಲ. ಎರಡನೆಯ ವರ್ಗದ ಯಂತ್ರದಲ್ಲಿ ಬಂದವರನ್ನು, ವೈಕಲ್ಯದ ಕಾರಣದಿಂದಲೇ ಈ ಸಾಧನ ಬೇಕಾಗಿದೆಯೇ ಎಂದು ಕೇಳಿ ನಂಬಲರ್ಹವಾದ ಭರವಸೆ ಪಡೆಯಬಹುದು. ಸರ್ಕಾರ ಕೊಟ್ಟ ವಾಹನ ನಿಲುಗಡೆಯ ಫಲಕವೋ ಗುರುತಿನ ಚೀಟಿಯೋ ಇದ್ದರೆ ಅದು ಸಾಕು. ಇಲ್ಲದಿದ್ದರೆ, ಕಣ್ಣಿಗೆ ಕಾಣುವ ಸಂಗತಿಯೇ ಅದನ್ನು ಸುಳ್ಳಾಗಿಸದ ಹೊರತು, ಬಾಯಿಮಾತೂ ಸಾಕು. ಯಾವ ಕಾಯಿಲೆ, ಎಷ್ಟು ತೀವ್ರ, ಎಂದಿನಿಂದ ಎಂದು ಕೆದಕುವುದು ಮಾತ್ರ ನಿಷಿದ್ಧ.

"ಇವರು ಬೇರೆ ಕುರ್ಚಿಯಲ್ಲಿಯೂ ಕೂರಬಲ್ಲರಲ್ಲ, ಹಾಗಿದ್ದ ಮೇಲೆ ಇದೇ ಬೇಕೆನ್ನುವುದು ಏಕೆ" ಎಂಬ ವಾದ ನ್ಯಾಯಾಲಯದ ಮುಂದೆಯೂ ಬಂದಿತ್ತು. ಡಿಸ್ನಿಲ್ಯಾಂಡ್‌ಗೆ ಸೆಗ್ವೇಯಲ್ಲಿ ಹೋಗಬಯಸಿದ, ಸ್ನಾಯು ಕ್ಷಯದ ಕಾಯಿಲೆಯಿದ್ದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಅಮೆರಿಕದ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಒಳಗೆ ಹೇಗೋ ತಲುಪಲು ಸಾಧ್ಯವಿದೆ ಎಂದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ, ಇತರ ಸಂದರ್ಶಕರು ಆ ಸ್ಥಳವನ್ನು ಅನುಭವಿಸುವ ರೀತಿಗೆ ಹತ್ತಿರವಾದ ಅನುಭವ ಸಿಗುವಂತೆ ಸೂಕ್ತ ಕ್ರಮ ಕೈಗೊಳ್ಳಬೇಕು ಎಂದಿತು. ಸೆಗ್ವೇಯನ್ನು ಬಿಟ್ಟೇ ತೀರಬೇಕೆಂದು ಅದು ಆದೇಶಿಸಲಿಲ್ಲ, ಸುರಕ್ಷತೆಯ ಪ್ರಶ್ನೆಯನ್ನು ತೆರೆದಿಟ್ಟು ವಿಚಾರಣೆಗೆ ಹಿಂದಕ್ಕೆ ಕಳುಹಿಸಿತು ಎಂಬುದನ್ನೂ ಸೇರಿಸಬೇಕು, ಏಕೆಂದರೆ ಈ ತೀರ್ಪನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಓದುವುದುಂಟು.

ಆದುದರಿಂದ ನಿಮ್ಮ ಸ್ವಯಂಸೇವಕನಿಗೆ ಹೇಳಿಕೊಡಬೇಕಾದದ್ದು ಸರಳ. ಯಂತ್ರ ಈ ಜಾಗದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆಯೋಜಕರು ವಿಚಾರಿಸಬಹುದಾದ ಸಂಗತಿ. ಮೈಗೆ ಅದು ಏಕೆ ಬೇಕು ಎಂಬುದು ಬಂದವರ ಖಾಸಗಿ ವಿಚಾರ. ಪ್ರಮಾಣಪತ್ರ ಕೇಳಿದರೆ ಈ ಗೆರೆಯನ್ನು ದಾಟಿದಂತಾಗುತ್ತದೆ; ಮೇಲಾಗಿ ಪ್ರಾಮಾಣಿಕರು ಕಾಗದ ಮರೆತು ಹಿಂದಿರುಗುತ್ತಾರೆ, ಮೋಸ ಮಾಡುವವರು ಕಾಗದ ಹೊಂದಿಸಿಕೊಂಡೇ ಬರುತ್ತಾರೆ.

ರಂಗಸಜ್ಜು:

ಬಯಲು ಕಾರ್ಯಕ್ರಮಗಳಿಗೆ ವೇದಿಕೆ, ನೆಲಹಾಸು ಸಿದ್ಧಪಡಿಸುವ ಕೆಲಸ ನನ್ನದು. ಇಲ್ಲಿಯವರೆಗಿನ ಚರ್ಚೆ ಬಾಗಿಲ ಬಳಿಯೇ ಸುತ್ತುತ್ತಿದೆ. ನನ್ನ ಅನುಭವದಲ್ಲಿ ಬಾಗಿಲು ದಾಟಿದ ಮೇಲಿನ ನೂರು ಹೆಜ್ಜೆಯಲ್ಲಿಯೇ ನಿಜವಾದ ನಿಷೇಧ ಇರುತ್ತದೆ, ಅದನ್ನು ಯಾವ ಫಲಕದಲ್ಲೂ ಬರೆದಿರುವುದಿಲ್ಲ.

ಮೊದಲನೆಯದು ನೆಲ. ಒಣಗಿದ ಹುಲ್ಲಿನ ಮೇಲೆ ಕುರ್ಚಿ ಹೋಗುತ್ತದೆ; ಒಂದು ಮಳೆ ಬಿದ್ದರೆ ಮುಂದಿನ ಸಣ್ಣ ಗಾಲಿಗಳು ಹೂತುಕೊಳ್ಳುತ್ತವೆ. ಬ್ಯಾಟರಿ ಕುರ್ಚಿಗಳಲ್ಲಿ ಬಹಳಷ್ಟು 100 ಕಿಲೋ ದಾಟುತ್ತವೆ, ಕುಳಿತವರ ತೂಕವೂ ಸೇರಿದರೆ ಹೂತ ಕುರ್ಚಿಯನ್ನು ಇಬ್ಬರು ಎತ್ತಲಾಗುವುದಿಲ್ಲ. ಹೀಗಾಗಿ ವಾಹನ ನಿಲುಗಡೆಯಿಂದ ಪ್ರವೇಶದ್ವಾರ, ಅಲ್ಲಿಂದ ವೀಕ್ಷಣಾ ಜಾಗ, ಅಲ್ಲಿಂದ ಶೌಚಾಲಯ, ಹೀಗೆ ಕೊನೆಯವರೆಗೆ ಕಡಿಯದೆ ಗಟ್ಟಿ ನೆಲಹಾಸು ಬೇಕು. ನಡುವೆ ನಾಲ್ಕು ಅಡಿ ಬಿಟ್ಟರೂ ಉಳಿದದ್ದೆಲ್ಲ ವ್ಯರ್ಥ. ವಿದ್ಯುತ್ ತಂತಿಗಳ ಮೇಲೆ ಹಾಕುವ ರಬ್ಬರ್ ದಿಬ್ಬಗಳು ನಡೆಯುವವರ ಕಾಲಿಗೆ ತಾಕುವುದೂ ಇಲ್ಲ. ಕುರ್ಚಿಯ ಸಣ್ಣ ಗಾಲಿಗೆ ಅದೇ ಗೋಡೆ. ಸಾಧ್ಯವಿದ್ದಲ್ಲಿ ತಂತಿಯನ್ನು ಮೇಲಿನಿಂದ ಒಯ್ಯಿರಿ, ಇಲ್ಲವಾದರೆ ಗಾಲಿಕುರ್ಚಿಗೆಂದೇ ಇಳಿಜಾರು ಕಡಿಮೆ ಮಾಡಿದ ತುಂಡುಗಳನ್ನು ಬಳಸಿ.

ಎರಡನೆಯದು ಏರು. ಬಹಳ ಕಡೆ ಒಪ್ಪಿತವಾಗಿರುವ ಗರಿಷ್ಠ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ರ‍್ಯಾಂಪ್. ಮೂರು ಮೆಟ್ಟಿಲಿನ ಮೇಲೆ ಒಂದು ಹಲಗೆ ಒರಗಿಸಿ "ರ‍್ಯಾಂಪ್ ಇದೆ" ಎಂದು ಪ್ರಕಟಿಸುವುದನ್ನು ನೋಡಿದ್ದೇನೆ. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹಳೆಯ ಸಭಾಂಗಣಕ್ಕೆ ಹಿಂಬಾಗಿಲಿನಿಂದ ಸಮತಟ್ಟು ದಾರಿ ಇದ್ದರೆ ಅದನ್ನು ಬಳಸಿ, ಆದರೆ ಮುಂಬಾಗಿಲಿನಲ್ಲಿಯೇ ಅದರ ದಿಕ್ಕು ತೋರಿಸುವ ಫಲಕವಿರಲಿ, ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕುವ ಪ್ರಸಂಗ ಬರದಿರಲಿ.

ಮೂರನೆಯದು ನೋಟ. ಸಂಗೀತ ಆರಂಭವಾದೊಡನೆ ಮುಂದಿನವರು ಎದ್ದು ನಿಲ್ಲುತ್ತಾರೆ, ಕುಳಿತವರಿಗೆ ಅವರ ಬೆನ್ನಷ್ಟೇ ಕಾಣುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತ ವಯಸ್ಕರ ಕಣ್ಣಿನ ಮಟ್ಟ ನೆಲದಿಂದ ಸುಮಾರು 1,100ರಿಂದ 1,300 ಮಿಲಿಮೀಟರ್. ಆದುದರಿಂದ ಎತ್ತರಿಸಿದ ವೀಕ್ಷಣಾ ಕಟ್ಟೆ ಬೇಕು, ಅದರ ಎತ್ತರವನ್ನು ಮುಂದೆ ನಿಂತವರ ತಲೆಯ ಮಟ್ಟದಿಂದ ಲೆಕ್ಕ ಹಾಕಬೇಕು. ಕಟ್ಟೆಯ ಅಂಚಿಗೆ ಗಾಲಿ ಜಾರದಂತೆ ತಡೆಪಟ್ಟಿ ಇರಬೇಕು, ಆ ಕಟ್ಟೆಯ ಕಂಬಿ ಕಣ್ಣಿಗೇ ಅಡ್ಡ ಬರಬಾರದು. ಇದು ನಗೆ ತರಿಸುವ ಮಾತೆನಿಸಬಹುದು, ಆದರೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಅಡ್ಡಕಂಬಿ ಬೆಸೆದ ಕಟ್ಟೆಗಳನ್ನು ನಾನೇ ಬಿಚ್ಚಿ ಬೇರೆ ಹಾಕಿಸಿದ್ದೇನೆ.

ಎಷ್ಟು ಜಾಗ ಬೇಕೆಂದು ಕೇಳುವುದಾದರೆ, ಅಮೆರಿಕದ 2010ರ ಮಾನದಂಡದಲ್ಲಿ ಅಂಕಿಗಳಿವೆ. 301ರಿಂದ 500 ಆಸನದವರೆಗಿನ ಸಭಾಂಗಣಕ್ಕೆ ಕನಿಷ್ಠ 6 ಗಾಲಿಕುರ್ಚಿ ಜಾಗ. 5,000 ಆಸನ ದಾಟಿದರೆ 36 ಜಾಗ, ಜೊತೆಗೆ 5,000ದ ಮೇಲಿನ ಪ್ರತಿ 200 ಆಸನಕ್ಕೆ ಒಂದರಂತೆ ಹೆಚ್ಚು. ಒಂದು ಜಾಗದ ಅಗಲ 36 ಅಂಗುಲ, ಮುಂದಿನಿಂದಲೋ ಹಿಂದಿನಿಂದಲೋ ಒಳಸೇರುವುದಾದರೆ ಆಳ 48 ಅಂಗುಲ, ಪಕ್ಕದಿಂದಲಾದರೆ 60 ಅಂಗುಲ. ಇವು ಕನಿಷ್ಠ ಅಳತೆಗಳು. ಸ್ಕೂಟರ್‌ಗೆ ಇದು ಸಾಲುವುದಿಲ್ಲ, ಅದರ ತಿರುಗು ವಿಸ್ತಾರ ಕುರ್ಚಿಗಿಂತ ದೊಡ್ಡದು.

ಊರುಗೋಲು:

ಗಾಲಿಯ ಮೇಲೆ ಬರುವವರ ಬಗ್ಗೆ ಇಷ್ಟು ಚರ್ಚೆಯಾಯಿತು, ಕಾಲಿನ ಮೇಲೆಯೇ ಕಷ್ಟಪಟ್ಟು ಬರುವವರ ಬಗ್ಗೆಯೂ ಎರಡು ಮಾತು ಇರಲಿ. ನಾನು ಎರಡು ಊರುಗೋಲು ಬಳಸುತ್ತೇನೆ. ಭದ್ರತಾ ತಪಾಸಣೆಯಲ್ಲಿ ಅವುಗಳನ್ನು ಯಂತ್ರದ ಪಟ್ಟಿಯ ಮೇಲಿಟ್ಟು ಚೌಕಟ್ಟಿನ ಮೂಲಕ ನಡೆದು ಬನ್ನಿ ಎನ್ನುತ್ತಾರೆ. ನಡೆಯಲು ಆಗುವಂತಿದ್ದರೆ ಅವು ಏಕೆ ಬೇಕಿತ್ತು? ತಪಾಸಣೆ ಬೇಡವೆನ್ನುತ್ತಿಲ್ಲ, ಕುಳಿತಲ್ಲಿಯೇ ಕೈಯಲ್ಲಿ ಹಿಡಿಯುವ ಉಪಕರಣದಿಂದ ತಪಾಸಣೆ ಮಾಡಲಿ, ಊರುಗೋಲನ್ನು ನನ್ನ ಕಣ್ಣೆದುರಿನಲ್ಲಿಯೇ ನೋಡಿ ಹಿಂದಿರುಗಿಸಲಿ. ಸಭಾಂಗಣದೊಳಗೆ "ದಾರಿಗೆ ಅಡ್ಡ" ಎಂದು ಊರುಗೋಲನ್ನು ತೆಗೆದುಕೊಂಡು ಹೋಗಿ ಎಲ್ಲೋ ಮೂಲೆಗೆ ಇಡುವ ಅಭ್ಯಾಸವೂ ಇದೆ. ಆಗ ನಾನು ಕುರ್ಚಿಗೆ ಕಟ್ಟುಬಿದ್ದಂತೆಯೇ.

ಇನ್ನು ಸರದಿ ಸಾಲು. ಸಂಧಿವಾತ, ಹೃದಯದ ತೊಂದರೆ, ಶ್ವಾಸಕೋಶದ ಕಾಯಿಲೆ ಇರುವ ಅನೇಕರು ನಡೆಯಬಲ್ಲರು, ನಿಂತಿರಲಾರರು. ನೋಡಿದವರಿಗೆ ಅವರಲ್ಲಿ ಏನೂ ಕಾಣುವುದಿಲ್ಲ. ಅವರಿಗೆ ಬೇಕಾದದ್ದು ಸಾಲಿನ ಪಕ್ಕದಲ್ಲಿ ಕೆಲವು ಕುರ್ಚಿಗಳು ಮತ್ತು ತಮ್ಮ ಸರದಿ ಕಳೆದುಕೊಳ್ಳದೆ ಕುಳಿತಿರುವ ಅವಕಾಶ. ಇದಕ್ಕೆ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಯಾರಿಗೂ ನೆನಪಾಗುವುದಿಲ್ಲ.

ಜೊತೆಗಾತಿ:

ನನ್ನ ತಂಗಿಯ ಜೊತೆ ಕಾರ್ಯಕ್ರಮಗಳಿಗೆ ಹೋಗುವವಳು ನಾನು. ಟಿಕೆಟಿನ ವಿಷಯ ಯಾರೂ ಎತ್ತಲಿಲ್ಲ. ಬೇರೆಯವರೆಲ್ಲ ಮೊಬೈಲಿನಲ್ಲಿ ಕ್ಷಣದಲ್ಲಿ ಆಸನ ಆರಿಸಿಕೊಳ್ಳುವಾಗ, ಗಾಲಿಕುರ್ಚಿಯ ಜಾಗಕ್ಕೆ ಮಾತ್ರ ಕಚೇರಿ ವೇಳೆಯಲ್ಲಿ ದೂರವಾಣಿ ಮಾಡಬೇಕು, ಮಿಂಚಂಚೆ ಕಳುಹಿಸಿ ಉತ್ತರಕ್ಕೆ ಕಾಯಬೇಕು ಎನ್ನುತ್ತಾರೆ. ಉತ್ತರ ಬರುವಷ್ಟರಲ್ಲಿ ಟಿಕೆಟ್ ಮುಗಿದಿರುತ್ತದೆ. ಸಿಕ್ಕರೂ ಅವಳು ಒಂದು ಮೂಲೆಯಲ್ಲಿ, ನಾನು ಹತ್ತು ಸಾಲು ಹಿಂದೆ. ಅವಳಿಗೆ ನೀರು ಕುಡಿಸಬೇಕಾದರೆ ಎಲ್ಲರ ಮೊಣಕಾಲು ದಾಟಿಕೊಂಡು ಹೋಗಬೇಕು.

ಕಾಯಿದೆಕಟ್ಟು:

ಜೊತೆಗಾತಿಯವರು ಹೇಳಿದ್ದಕ್ಕೂ ಅಮೆರಿಕದ ನಿಯಮದಲ್ಲಿ ನೇರ ಉತ್ತರವಿದೆ. ಸುಗಮ ಆಸನದ, ಅಂದರೆ ಗಾಲಿಕುರ್ಚಿ ಬಳಸುವವರಿಗೆ ಹೊಂದುವಂತೆ ಇಟ್ಟ ಜಾಗದ, ಟಿಕೆಟ್ ಉಳಿದ ಟಿಕೆಟ್‌ಗಳು ಸಿಗುವ ಅದೇ ವೇಳೆಯಲ್ಲಿ, ಅದೇ ವಿಧಾನಗಳಲ್ಲಿ ಸಿಗಬೇಕು. ಅದೇ ವಿಭಾಗದ ಇತರ ಆಸನಕ್ಕಿಂತ ಹೆಚ್ಚು ಬೆಲೆ ಇಡುವಂತಿಲ್ಲ. ಜಾಗವಿರುವಷ್ಟು ಮಟ್ಟಿಗೆ ಪಕ್ಕದಲ್ಲಿಯೇ ಇನ್ನು ಮೂರು ಆಸನಗಳನ್ನು ಜೊತೆಯವರಿಗಾಗಿ ಕೊಳ್ಳಲು ಬಿಡಬೇಕು. ಉಳಿದೆಲ್ಲ ಆಸನಗಳು ಮಾರಾಟವಾದ ಮೇಲೆ ಸುಗಮ ಆಸನಗಳು ಖಾಲಿ ಉಳಿದಿದ್ದರೆ ಅವನ್ನು ಇತರರಿಗೆ ಕೊಡಬಹುದು, ಹಾಗಾಗಿ ಜಾಗ ಹಾಳಾಗುತ್ತದೆ ಎಂಬ ಆಯೋಜಕರ ದೂರಿಗೂ ಅಲ್ಲಿ ಅವಕಾಶವಿಲ್ಲ.

ಸಂಘಟಕ:

ಬೆಂಕಿಯ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಸಭಾಂಗಣದ ಮೇಲಂತಸ್ತಿನಲ್ಲಿ ಒಂದು ಗೋಷ್ಠಿಯಿದೆ, ಲಿಫ್ಟ್ ಇದೆ, ಆದರೆ ಬೆಂಕಿಯ ಸಮಯದಲ್ಲಿ ಅದನ್ನು ಬಳಸುವಂತಿಲ್ಲ. ನಮ್ಮ ತಂಡದಲ್ಲಿ ನಿಷೇಧದ ಪರವಾಗಿರುವವರ ಕೊನೆಯ ವಾದ ಇದೇ.

ರಂಗಸಜ್ಜು:

ಆ ವಾದ ಸ್ಕೂಟರ್‌ಗೆ ಮಾತ್ರವಲ್ಲ, ನೀವು ಉಚಿತವಾಗಿ ಕೊಡುವ ತಳ್ಳುಕುರ್ಚಿಗೂ ಅನ್ವಯಿಸುತ್ತದೆ. ಲಿಫ್ಟ್ ನಿಂತಾಗ ಮೆಟ್ಟಿಲು ಇಳಿಯಲಾರದವರು ಯಾವ ಕುರ್ಚಿಯಲ್ಲಿದ್ದರೂ ಮೇಲೆಯೇ ಉಳಿಯುತ್ತಾರೆ. ಹೀಗಾಗಿ ಪರಿಹಾರವನ್ನು ತೆರವಿನ ಯೋಜನೆಯಲ್ಲಿಯೇ ಹುಡುಕಬೇಕು: ಹೊಗೆ ನುಗ್ಗದಂತೆ ಬೇರ್ಪಡಿಸಿದ ಕಾಯುವ ಜಾಗ, ಅಲ್ಲಿಂದ ಮಾತನಾಡಲು ಸಂಪರ್ಕ ಸಾಧನ, ಮೆಟ್ಟಿಲಿನಲ್ಲಿ ಜಾರಿಸಿ ಇಳಿಸುವ ತೆರವು ಕುರ್ಚಿ, ಅದನ್ನು ಕೈಯಾರೆ ಬಳಸಿ ಅಭ್ಯಾಸ ಮಾಡಿದ ಸಿಬ್ಬಂದಿ. ಇಷ್ಟು ಇಲ್ಲದಿದ್ದರೆ ಆ ಗೋಷ್ಠಿಯನ್ನು ನೆಲಮಹಡಿಗೆ ತನ್ನಿ. ವೇಳಾಪಟ್ಟಿಯಲ್ಲಿ ಎರಡು ಗೋಷ್ಠಿಗಳ ಜಾಗ ಅದಲುಬದಲು ಮಾಡುವುದು ಇದರಲ್ಲೆಲ್ಲ ಅಗ್ಗದ ದಾರಿ.

ಗಾಲಿಪಯಣ:

ಒಂದು ಸೇರಿಸುತ್ತೇನೆ. ತೆರವು ಕುರ್ಚಿಗೆ ನನ್ನನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ಬಲ್ಲವನು ನಾನೊಬ್ಬನೇ. ಕಾರ್ಯಕ್ರಮ ಆರಂಭವಾಗುವ ಮುಂಚೆ ಎರಡು ನಿಮಿಷ ಕೇಳಿಕೊಂಡರೆ ಸಾಕು. ಸಂಜೆ ಬ್ಯಾಟರಿ ತುಂಬಿಸಿಕೊಳ್ಳಲು ಒಂದು ವಿದ್ಯುತ್ ಸಂಪರ್ಕವನ್ನೂ ಕಟ್ಟೆಯ ಬಳಿ ಇಡಿ. ಹಗಲೆಲ್ಲ ಓಡಾಡಿದ ಕುರ್ಚಿ ರಾತ್ರಿ ಬಯಲಿನ ನಡುವೆ ನಿಂತುಬಿಟ್ಟರೆ ನಿಮಗೂ ಕಷ್ಟ.

ಸಂಘಟಕ:

ತಂಡದ ಮುಂದಿಡಲು ಹೊಸ ಕರಡು ಬರೆದಿದ್ದೇನೆ: "ಗಾಲಿಕುರ್ಚಿ, ಬ್ಯಾಟರಿ ಕುರ್ಚಿ, ಮೊಬಿಲಿಟಿ ಸ್ಕೂಟರ್, ವಾಕರ್, ಊರುಗೋಲು ಹಾಗೂ ಬೆತ್ತಗಳಿಗೆ ಜನ ಓಡಾಡುವ ಎಲ್ಲ ಜಾಗಗಳಲ್ಲಿ ಪ್ರವೇಶವಿದೆ. ಆವರಣದಲ್ಲಿ ನಡಿಗೆಯ ವೇಗ ಮೀರಬಾರದು. ಇತರ ವಿದ್ಯುತ್ ಸಾಧನಗಳನ್ನು ವೈಕಲ್ಯದ ಕಾರಣದಿಂದ ಬಳಸುವವರು ಪ್ರವೇಶದ್ವಾರದಲ್ಲಿ ತಿಳಿಸಿದರೆ ಸಾಕು. ಮೆಟ್ಟಿಲಿಲ್ಲದ ದಾರಿ, ನೆಲಹಾಸು, ವೀಕ್ಷಣಾ ಕಟ್ಟೆ, ಶೌಚಾಲಯಗಳ ನಕ್ಷೆಯನ್ನು ಟಿಕೆಟ್ ಕೊಳ್ಳುವ ಪುಟದಲ್ಲಿಯೇ ನೀಡಲಾಗಿದೆ. ನೆರವು ಬೇಕಾದವರು ಏಳು ದಿನ ಮುಂಚಿತವಾಗಿ ನೋಂದಾಯಿಸತಕ್ಕದ್ದು." ಮೇಲಂತಸ್ತಿನ ಗೋಷ್ಠಿಯನ್ನು ಕೆಳಗೆ ತರುವ ಬಗ್ಗೆ ಸಭಾಂಗಣದವರೊಂದಿಗೆ ಮಾತುಕತೆ ನಡೆದಿದೆ, ಇನ್ನೂ ಒಪ್ಪಿಲ್ಲ. ಸ್ಕೂಟರ್‌ಗಳ ಬಗ್ಗೆ ತಂಡದ ಇಬ್ಬರು ಈಗಲೂ ಆಕ್ಷೇಪ ಇಟ್ಟಿದ್ದಾರೆ.

ಊರುಗೋಲು:

ಕೊನೆಯ ವಾಕ್ಯದ "ನೋಂದಾಯಿಸತಕ್ಕದ್ದು" ಎಂಬುದನ್ನು "ತಿಳಿಸಿದರೆ ಸಿದ್ಧತೆಗೆ ಅನುಕೂಲ" ಎಂದು ಬದಲಿಸಿ, ತಿಳಿಸದೆ ಬಂದವರಿಗೂ ಪ್ರವೇಶವಿದೆಯೆಂದು ಸ್ಪಷ್ಟವಾಗಿ ಬರೆಯಿರಿ. ನೋವು ಏಳು ದಿನ ಮುಂಚೆ ಹೇಳಿ ಬರುವುದಿಲ್ಲ. ಬುಧವಾರ ಬೆತ್ತವಿಲ್ಲದೆ ನಡೆದವರಿಗೆ ಶನಿವಾರ ಎರಡು ಊರುಗೋಲು ಬೇಕಾಗಬಹುದು. ಸಾಲಿನ ಪಕ್ಕದ ಕುರ್ಚಿಗಳು ಕರಡಿನಲ್ಲಿ ಎಲ್ಲಿಯೂ ಕಾಣಲಿಲ್ಲ.